ಮೂರು ಕಂಪ್ಯೂಟರು, ಒಂಬತ್ತು ಕೆಲಸ

ಮಕ್ಕಳೇ, ಹೊಸ ಫೋನಿನಲ್ಲಿ ತೆಗೆದ ವಿಡಿಯೊವನ್ನು ಪೆನ್‌ಡ್ರೈವ್‌ಗೆ ಹಾಕಿ ಹಳೆಯ ಟಿ.ವಿ.ಗೆ ಚುಚ್ಚಿ ನೋಡಿದ್ದೀರಾ? ಕೆಲವು ಸಲ ಹಾಡು ಕೇಳಿಸುತ್ತದೆ, ಚಿತ್ರ ಬರುವುದಿಲ್ಲ. ಕೆಲವು ಸಲ ಎರಡೂ ಇಲ್ಲ. ಈ ಫೈಲು ತೆರೆಯಲಾಗದು ಎಂಬ ಒಂದು ಸಾಲು ಬಂದು ನಿಂತುಬಿಡುತ್ತದೆ. ಅದೇ ವಿಡಿಯೊ ಫೋನಿನಲ್ಲಿ ಸರಾಗವಾಗಿ ಓಡುತ್ತಿರುತ್ತದೆ. ವಿಡಿಯೊ ಕೆಟ್ಟಿಲ್ಲ, ಟಿ.ವಿ.ಯೂ ಕೆಟ್ಟಿಲ್ಲ. ಫೋನು ಚಿತ್ರಗಳನ್ನು ಒಂದು ಹೊಸ ವಿಧಾನದಲ್ಲಿ ಕುಗ್ಗಿಸಿ ಇಟ್ಟಿದೆ, ಟಿ.ವಿ.ಗೆ ಆ ವಿಧಾನವನ್ನು ಯಾರೂ ಕಲಿಸಿಲ್ಲ. ನಡುವೆ ಯಾರಾದರೂ ನಿಂತು ಹೊಸ ವಿಧಾನದಲ್ಲಿ ಕಟ್ಟಿದ್ದನ್ನು ಬಿಚ್ಚಿ, ಹಳೆಯ ವಿಧಾನದಲ್ಲಿ ಮತ್ತೆ ಕಟ್ಟಿಕೊಟ್ಟರೆ ಟಿ.ವಿ. ಅದನ್ನು ತೋರಿಸುತ್ತದೆ. ಹೀಗೆ ಬಿಚ್ಚಿ ಮತ್ತೆ ಕಟ್ಟುವ ಕೆಲಸದ ಹೆಸರು ಟ್ರಾನ್ಸ್‌ಕೋಡಿಂಗ್.

ಈ ಕೆಲಸಕ್ಕೆಂದೇ ಕೆಲವರು ಮನೆಯಲ್ಲೊಂದು ಕಂಪ್ಯೂಟರನ್ನು ಹಗಲಿರುಳೂ ಓಡಿಸುತ್ತಾರೆ. ಅದು ಮನೆಯ ಮೀಡಿಯಾ ಸರ್ವರ್. ಅಪ್ಪ ಅಮ್ಮನ ಮದುವೆಯ ವಿಡಿಯೊ, ಪ್ರವಾಸದ ಚಿತ್ರಗಳು, ಕೊಂಡು ತಂದ ಡಿವಿಡಿಗಳು ಎಲ್ಲವೂ ಅದರ ಹಾರ್ಡ್ ಡಿಸ್ಕಿನಲ್ಲಿ ಇರುತ್ತವೆ. ಟಿ.ವಿ., ಟ್ಯಾಬ್, ಫೋನು, ಯಾವುದು ಕೇಳಿದರೂ ಅದಕ್ಕೆ ಹೊಂದುವ ರೂಪದಲ್ಲಿ ಅದು ವಿಡಿಯೊವನ್ನು ಕಳಿಸಿಕೊಡುತ್ತದೆ. ಒಂದು ಕಂಪ್ಯೂಟರು ಸಾಲದಾದಾಗ ಹಳೆಯದೊಂದು, ಸಣ್ಣದೊಂದು ಸೇರಿಕೊಂಡು ಮೂರಾಗುತ್ತವೆ. ಆಗ ಹುಟ್ಟುವ ಪ್ರಶ್ನೆ ತುಂಬ ಚೆಂದದ್ದು: ಯಾವ ಕೆಲಸವನ್ನು ಯಾವ ಕಂಪ್ಯೂಟರಿಗೆ ಕೊಡಬೇಕು? ಎಲ್ಲರಿಗೂ ಸಮನಾಗಿ ಹಂಚಿದರಾಯಿತು ಎನ್ನುತ್ತೀರಿ. ಆ ಉತ್ತರ ಸಾಲದು. ಏಕೆ ಸಾಲದು ಎಂಬುದನ್ನು ಹುಣಸೆ ಬೀಜ ಇಟ್ಟುಕೊಂಡೇ ನಿಮಗೆ ತೋರಿಸಬೇಕೆಂದಿದ್ದೇನೆ. ಅದಕ್ಕೆ ಮೊದಲು, ಈ ಬಿಚ್ಚಿ ಕಟ್ಟುವ ಕೆಲಸ ಏಕೆ ಅಷ್ಟು ಭಾರ ಎಂದು ತಿಳಿಯೋಣ.

ಒಂದು ವಿಡಿಯೊ ಎಂದರೆ ಒಂದರ ಹಿಂದೊಂದು ಓಡುವ ಚಿತ್ರಗಳ ಸಾಲು. ಒಂದೊಂದು ಚಿತ್ರಕ್ಕೆ ಫ್ರೇಮ್ ಎನ್ನುತ್ತಾರೆ. ಫೋನು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ. ಫುಲ್ ಎಚ್‌ಡಿ ಫ್ರೇಮಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಗುಣಿಸಿ ನೋಡಿ: 20,73,600 ಚುಕ್ಕಿ. ಪ್ರತಿ ಚುಕ್ಕಿಗೆ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಹೇಳುವ ಮೂರು ಸಂಖ್ಯೆಗಳು ಬೇಕು. ಒಂದು ಸಂಖ್ಯೆಗೆ ಒಂದು ಬೈಟ್ ಎಂದರೂ ಒಂದು ಫ್ರೇಮಿಗೆ 62,20,800 ಬೈಟ್. ಸೆಕೆಂಡಿಗೆ ಅದರ 30 ಪಟ್ಟು. ಒಂದು ನಿಮಿಷಕ್ಕೆ ಸುಮಾರು 11 ಜಿಬಿ! 64 ಜಿಬಿಯ ಫೋನು ಪೂರ್ತಿ ಖಾಲಿ ಇದ್ದರೂ ಆರು ನಿಮಿಷದೊಳಗೆ ತುಂಬಿಹೋಗುತ್ತದೆ. ನಿಮ್ಮ ತಂಗಿಯ ಒಂದು ನೃತ್ಯಕ್ಕೇ ಜಾಗ ಸಾಲುವುದಿಲ್ಲ.

ಆದರೆ ನಿಜದಲ್ಲಿ ಹಾಗಾಗುವುದಿಲ್ಲವಲ್ಲ? ಐಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್ ತೆರೆದರೆ, ಇಂಥದೇ ಒಂದು ನಿಮಿಷದ ವಿಡಿಯೊಗೆ ಹಳೆಯ ವಿಧಾನದಲ್ಲಿ ಸುಮಾರು 130 ಎಂಬಿ, ಹೊಸ ವಿಧಾನದಲ್ಲಿ ಸುಮಾರು 60 ಎಂಬಿ ಬೇಕೆಂದು ಬರೆದಿರುತ್ತದೆ. 11 ಜಿಬಿ ಎಲ್ಲಿ, 60 ಎಂಬಿ ಎಲ್ಲಿ! ಹಳೆಯದರ ಹೆಸರು ಎಚ್.264, ಅದು 2003ರಲ್ಲಿ ಬಂತು. ಹೊಸದು ಎಚ್.265, 2013ರದು. 2018ರಲ್ಲಿ ಎವಿ1 ಎಂಬ ಇನ್ನೊಂದು ಬಂದಿದೆ. ಇವುಗಳನ್ನು ಕೋಡೆಕ್ ಎಂದು ಕರೆಯುತ್ತಾರೆ.

ಇಷ್ಟು ಕುಗ್ಗಿಸುವುದು ಹೇಗೆ ಸಾಧ್ಯವಾಯಿತು? ಇದರ ಹಿಂದೆ ನಮ್ಮ ಬೆಂಗಳೂರಿನವರೊಬ್ಬರು ಇದ್ದಾರೆ. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಕೆ.ಆರ್. ಸರ್ಕಲ್ ಬಳಿ ಇರುವ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ, ನಾವೆಲ್ಲ ಯುವಿಸಿಇ ಎನ್ನುವ ಕಾಲೇಜಿನಲ್ಲಿ, 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ ಚಿತ್ರವನ್ನು ಕುಗ್ಗಿಸುವ ಒಂದು ಗಣಿತ ಅವರಿಗೆ ಹೊಳೆಯಿತು. ಅದರ ಮೇಲೆ ಕೆಲಸ ಮಾಡಲು ಹಣ ಕೊಡಿ ಎಂದು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಬರೆದರು. ಹಣ ಸಿಗಲಿಲ್ಲ. ಅವರು ಕೈಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ.ಆರ್. ರಾವ್ ಜೊತೆ ಸೇರಿ ಲೆಕ್ಕ ಮುಗಿಸಿ, 1974ರ ಜನವರಿಯಲ್ಲಿ ಪ್ರಕಟಿಸಿದರು. ಅದೇ ಡಿಸ್‌ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ಈಗ ನೀವು ನೋಡುವ ಜೆಪೆಗ್ ಫೋಟೊ, ಡಿವಿಡಿ, ಎಚ್.264, ಎಚ್.265 ಎಲ್ಲದರ ಒಳಗೂ ಅದೇ ಲೆಕ್ಕ ಅಥವಾ ಅದರ ತಮ್ಮನೋ ತಂಗಿಯೋ ಕುಳಿತಿದೆ. ಇದನ್ನು ನಮ್ಮ ಶಾಲೆಗಳಲ್ಲಿ ಇನ್ನೂ ಜೋರಾಗಿ ಹೇಳಬೇಕು ಎಂಬುದು ನನ್ನ ಆಸೆ.

ಆ ಲೆಕ್ಕ ಏನು ಮಾಡುತ್ತದೆಂದು ಹತ್ತಿರದಿಂದ ನೋಡೋಣ. ಆಕಾಶದ ಒಂದು ಮೂಲೆಯಲ್ಲಿ ಪಕ್ಕಪಕ್ಕದ ಎಂಟು ಚುಕ್ಕಿಗಳ ಹೊಳಪು 50, 52, 54, 56, 58, 60, 62, 64 ಎಂದಿರಲಿ. ನಿಧಾನವಾಗಿ ಬೆಳಕೇರುತ್ತಿದೆ. ಈ ಎಂಟು ಸಂಖ್ಯೆಗಳನ್ನು ಡಿಸಿಟಿಗೆ ಕೊಟ್ಟರೆ ಹೊರಬರುವುದೂ ಎಂಟೇ. ಹತ್ತಿರದ ಪೂರ್ಣಾಂಕಕ್ಕೆ ಸರಿಪಡಿಸಿದರೆ ಅವು 161, −13, 0, −1, 0, 0, 0, 0. ಮೊದಲನೆಯದು ಒಟ್ಟಾರೆ ಎಷ್ಟು ಬೆಳಕಿದೆ ಎಂದು ಹೇಳುತ್ತದೆ. ಎರಡನೆಯದು ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ವಾಲಿದೆ ಎಂದು ಹೇಳುತ್ತದೆ. ಉಳಿದವು ಇನ್ನೂ ಸಣ್ಣ ಏರಿಳಿತಗಳನ್ನು ಹೇಳಬೇಕು. ಇಲ್ಲಿ ಅಂಥವು ಇಲ್ಲವೆನ್ನುವಷ್ಟು ಕಡಿಮೆ. ಸೊನ್ನೆಗಳನ್ನು ಒಂದೊಂದಾಗಿ ಬರೆದಿಡಬೇಕಾಗಿಲ್ಲ, ಇನ್ನು ಮುಂದೆ ಎಲ್ಲ ಸೊನ್ನೆ ಎಂದು ಒಮ್ಮೆ ಹೇಳಿದರೆ ಸಾಕು. ಕೊನೆಯ −1 ಅನ್ನು ಬಿಟ್ಟುಬಿಟ್ಟರೂ ನಿಮ್ಮ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಜೆಪೆಗ್ ಫೋಟೊದಲ್ಲಿ ಹೀಗೆ ಎಂಟು ಸಾಲು, ಎಂಟು ಕಂಬದ 64 ಚುಕ್ಕಿಗಳ ಚೌಕಗಳನ್ನು ಒಂದೊಂದಾಗಿ ಕುಗ್ಗಿಸುತ್ತಾರೆ.

ವಿಡಿಯೊದಲ್ಲಿ ಇನ್ನೊಂದು ಉಪಾಯವೂ ಸೇರುತ್ತದೆ. ಒಂದು ಫ್ರೇಮಿಗೂ ಮುಂದಿನದಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಹಿಂದಿನ ಗೋಡೆ ಅಲ್ಲೇ ಇದೆ, ತಂಗಿಯ ಕೈ ಮಾತ್ರ ನಾಲ್ಕು ಚುಕ್ಕಿ ಬಲಕ್ಕೆ ಹೋಗಿದೆ. ಆದ್ದರಿಂದ ಆಗೊಮ್ಮೆ ಈಗೊಮ್ಮೆ ಒಂದು ಫ್ರೇಮನ್ನು ಪೂರ್ತಿ ಬರೆದಿಟ್ಟು, ಅದರ ನಂತರದವುಗಳಲ್ಲಿ ಏನು ಎಲ್ಲಿಗೆ ಸರಿಯಿತು ಎಂಬುದನ್ನಷ್ಟೇ ಬರೆಯುತ್ತಾರೆ. ಪೂರ್ತಿ ಬರೆದ ಫ್ರೇಮಿಗೆ ಕೀಫ್ರೇಮ್ ಎಂದು ಹೆಸರು. ಈ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಭಾರದ ವಿಷಯ. ಕುಗ್ಗಿಸಿಟ್ಟ ವಿಡಿಯೊವನ್ನು ಬಿಚ್ಚುವುದು ಸುಲಭ: ಈ ಚೌಕವನ್ನು ನಾಲ್ಕು ಚುಕ್ಕಿ ಬಲಕ್ಕೆ ಇಡು ಎಂದು ಬರೆದಿದ್ದರೆ ಹಾಗೇ ಇಟ್ಟರಾಯಿತು. ಕಟ್ಟುವುದು ಕಷ್ಟ. ಚೌಕ ಎಲ್ಲಿಗೆ ಹೋಯಿತೆಂದು ಹುಡುಕಬೇಕು. ಫುಲ್ ಎಚ್‌ಡಿ ಫ್ರೇಮನ್ನು 16ಕ್ಕೆ 16 ಚುಕ್ಕಿಗಳ ಚೌಕಗಳಾಗಿ ಮಾಡಿದರೆ 8160 ಚೌಕಗಳಾಗುತ್ತವೆ. ಒಂದೊಂದು ಚೌಕವನ್ನೂ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ 16 ಚುಕ್ಕಿಗಳವರೆಗೆ ಸರಿಸಿ ಸರಿಸಿ ಹಿಂದಿನ ಫ್ರೇಮಿನೊಡನೆ ಹೋಲಿಸಬೇಕೆಂದರೆ 33 ಗುಣಿಸು 33, ಅಂದರೆ 1089 ಜಾಗಗಳನ್ನು ನೋಡಬೇಕು. ಪ್ರತಿ ಜಾಗದಲ್ಲೂ 256 ವ್ಯವಕಲನ. ಎಲ್ಲವನ್ನೂ ಗುಣಿಸಿದರೆ ಒಂದೇ ಒಂದು ಫ್ರೇಮಿಗೆ ಸುಮಾರು 227 ಕೋಟಿ ವ್ಯವಕಲನಗಳು! ಸೆಕೆಂಡಿಗೆ ಅಂಥ 30 ಫ್ರೇಮುಗಳು. ಜಾಣ ತಂತ್ರಾಂಶಗಳು ಎಲ್ಲ ಜಾಗವನ್ನೂ ನೋಡದೆ ಅಡ್ಡದಾರಿ ಹಿಡಿಯುತ್ತವೆ, ಆದರೂ ಕೆಲಸ ಸಣ್ಣದೇನಲ್ಲ. ಕಂಪ್ಯೂಟರಿನ ಫ್ಯಾನು ಆ ಹೊತ್ತಿನಲ್ಲಿ ಬುಸುಗುಟ್ಟುವುದು ಇದಕ್ಕೇ.

ಈ ಹೊರೆ ಇಳಿಸಲು ಚಿಪ್ ಮಾಡುವವರು ಒಂದು ದಾರಿ ಕಂಡುಕೊಂಡರು. ವಿಡಿಯೊ ಕಟ್ಟುವ ಬಿಚ್ಚುವ ಕೆಲಸಕ್ಕೆಂದೇ ಚಿಪ್ಪಿನೊಳಗೆ ಒಂದು ಪ್ರತ್ಯೇಕ ಭಾಗವನ್ನು ಇಟ್ಟರು. ಇಂಟೆಲ್ ಕಂಪನಿ 2011ರಲ್ಲಿ ತನ್ನ ಚಿಪ್‌ಗಳಿಗೆ ಕ್ವಿಕ್ ಸಿಂಕ್ ಎಂಬ ಭಾಗವನ್ನು ಸೇರಿಸಿತು. ಆ ಭಾಗಕ್ಕೆ ಬೇರೇನೂ ಬಾರದು. ಇದೊಂದನ್ನು ಮಾತ್ರ ಕಡಿಮೆ ಕರೆಂಟಿನಲ್ಲಿ, ತುಂಬ ಬೇಗ ಮಾಡುತ್ತದೆ. ಹಾಗಾಗಿ ಒಂದು ಸಾಧಾರಣ ಲ್ಯಾಪ್‌ಟಾಪ್ ಕೂಡ ಈ ಕೆಲಸದಲ್ಲಿ ದೊಡ್ಡ ಹಳೆಯ ಡೆಸ್ಕ್‌ಟಾಪನ್ನು ಹಿಂದೆ ಹಾಕಬಹುದು. ಗಾತ್ರ ನೋಡಿ ಬಲ ಅಳೆಯಬಾರದು.

ಹಾಗಾದರೆ ಬಲವನ್ನು ಅಳೆಯುವುದು ಹೇಗೆ? ಅದಕ್ಕೊಂದು ಸೊಗಸಾದ ಅಳತೆ ಇದೆ. ಟ್ರಾನ್ಸ್‌ಕೋಡಿಂಗ್ ಮಾಡುವ ತಂತ್ರಾಂಶಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಎಫ್‌ಎಫ್‌ಎಂಪೆಗ್. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಅದನ್ನು ಶುರುಮಾಡಿದರು; ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. 2018ರ ಡಿಸೆಂಬರಿನಲ್ಲಿ ಹುಟ್ಟಿದ ಜೆಲ್ಲಿಫಿನ್ ಎಂಬ ಉಚಿತ ಮೀಡಿಯಾ ಸರ್ವರ್ ಕೂಡ ಒಳಗೆ ದುಡಿಸಿಕೊಳ್ಳುವುದು ಅದನ್ನೇ. ಎಫ್‌ಎಫ್‌ಎಂಪೆಗ್ ಕೆಲಸ ಮಾಡುತ್ತಿರುವಾಗ ಕಪ್ಪು ಪರದೆಯ ಮೇಲೆ ಒಂದು ಸಾಲು ಮತ್ತೆ ಮತ್ತೆ ಬದಲಾಗುತ್ತಿರುತ್ತದೆ: ಎಷ್ಟನೇ ಫ್ರೇಮ್, ಸೆಕೆಂಡಿಗೆ ಎಷ್ಟು ಫ್ರೇಮ್, ಎಷ್ಟು ದೊಡ್ಡ ಫೈಲ್, ಎಷ್ಟು ಹೊತ್ತಿನ ವಿಡಿಯೊ ಮುಗಿಯಿತು. ಅದೇ ಸಾಲಿನಲ್ಲಿ ಸ್ಪೀಡ್ ಎಂದು ಒಂದು ಸಂಖ್ಯೆ. ಅದು 1 ಎಂದಿದ್ದರೆ ಒಂದು ನಿಮಿಷದ ವಿಡಿಯೊವನ್ನು ಒಂದು ನಿಮಿಷದಲ್ಲಿ ಕಟ್ಟುತ್ತಿದೆ ಎಂದರ್ಥ. 3 ಎಂದಿದ್ದರೆ ಒಂದು ನಿಮಿಷದಲ್ಲಿ ಮೂರು ನಿಮಿಷದ ವಿಡಿಯೊ ಸಿದ್ಧ. 0.4 ಎಂದಿದ್ದರೆ? ಹತ್ತು ಸೆಕೆಂಡು ದುಡಿದರೆ ನಾಲ್ಕು ಸೆಕೆಂಡಿನ ವಿಡಿಯೊ. ನೋಡುವವರು ಆ ನಾಲ್ಕು ಸೆಕೆಂಡನ್ನು ನೋಡಿ ಮುಗಿಸಿ ಕಾಯುತ್ತ ಕೂರಬೇಕು. ಪರದೆಯ ನಡುವೆ ಬಂದು ತಿರುಗುವ ಆ ಬಫರಿಂಗ್ ಚಕ್ರ ಎಷ್ಟೋ ಸಲ ಈ ಸಂಖ್ಯೆ ಒಂದಕ್ಕಿಂತ ಕೆಳಗೆ ಬಿದ್ದುದರ ಗುರುತು.

ಮನೆಯಲ್ಲಿ ಮೂರು ಕಂಪ್ಯೂಟರುಗಳಿವೆ ಎಂದುಕೊಳ್ಳಿ. ಫುಲ್ ಎಚ್‌ಡಿ ವಿಡಿಯೊ ಕೊಟ್ಟು ಅಳೆದಾಗ ಲ್ಯಾಪ್‌ಟಾಪಿನ ವೇಗ 6 ಬಂತು, ಹಳೆಯ ಡೆಸ್ಕ್‌ಟಾಪಿನದು 2, ಅಂಗೈಯಗಲದ ರಾಸ್ಪ್‌ಬೆರಿ ಪೈನದು 0.4. ಮೂರನ್ನೂ ಮನೆಯ ನೆಟ್‌ವರ್ಕಿಗೆ ಸೇರಿಸಿದ್ದಾರೆ. ಮೂರಕ್ಕೂ ಒಂದೇ ಹಾರ್ಡ್ ಡಿಸ್ಕಿನ ಒಂದೇ ಫೋಲ್ಡರ್ ಕಾಣುತ್ತದೆ. ಇಲ್ಲವಾದರೆ ಕೆಲಸ ಕೊಟ್ಟರೂ ವಿಡಿಯೊ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಮುಂದೆ ಕುಳಿತ ಒಂದು ಕಂಪ್ಯೂಟರು ಬಂದ ಕೋರಿಕೆಗಳನ್ನು ತೆಗೆದುಕೊಂಡು ಹಿಂದಿನವಕ್ಕೆ ಕಳಿಸುತ್ತದೆ. ಜೆಲ್ಲಿಫಿನ್ ಬಳಸುವವರಲ್ಲಿ ಕೆಲವರು ಇದಕ್ಕೆ ಆರ್‌ಎಫ್‌ಎಫ್‌ಎಂಪೆಗ್ ಎಂಬ ಸಣ್ಣ ತಂತ್ರಾಂಶವನ್ನು ಹಾಕಿಕೊಳ್ಳುತ್ತಾರೆ. ಅದು ಎಫ್‌ಎಫ್‌ಎಂಪೆಗ್ ಇರಬೇಕಾದ ಜಾಗದಲ್ಲಿ ತಾನು ನಿಂತು, ಬಂದ ಆಜ್ಞೆಯನ್ನು ಹಾಗೇ ಬೇರೊಂದು ಕಂಪ್ಯೂಟರಿಗೆ ದಾಟಿಸುತ್ತದೆ.

ಹಂಚುವ ಅತಿ ಸರಳ ಕ್ರಮ ಸರದಿಯದು. ಊಟದ ಪಂಕ್ತಿಯಲ್ಲಿ ಎಲೆಯಿಂದ ಎಲೆಗೆ ಒಂದೊಂದು ಸೌಟು ಬಡಿಸುತ್ತ ಹೋದಂತೆ, ಮೊದಲ ಕೆಲಸ ಲ್ಯಾಪ್‌ಟಾಪಿಗೆ, ಎರಡನೆಯದು ಡೆಸ್ಕ್‌ಟಾಪಿಗೆ, ಮೂರನೆಯದು ಪೈಗೆ. ಎಲೆಯ ಮುಂದೆ ಕೂತವರು ಪುಟ್ಟ ಮಗುವೋ ಗದ್ದೆ ಕೆಲಸ ಮುಗಿಸಿ ಬಂದವರೋ ಎಂದು ಈ ಕ್ರಮ ನೋಡುವುದೇ ಇಲ್ಲ. ಮೂರನೆಯವರಾಗಿ ವಿಡಿಯೊ ಕೇಳಿದ ಅಜ್ಜಿಗೆ ಪೈ ಸಿಕ್ಕಿತು. ಅಜ್ಜಿಯ ಪರದೆಯ ಮೇಲೆ ಚಕ್ರ ತಿರುಗುತ್ತಿದೆ, ಪಕ್ಕದಲ್ಲಿ ಲ್ಯಾಪ್‌ಟಾಪು ಆರಾಮವಾಗಿದೆ. ಎಣಿಕೆಯಲ್ಲಿ ಮೂವರಿಗೂ ಒಂದೊಂದು ಕೆಲಸ, ಆದರೂ ಇದನ್ನು ಸಮ ಹಂಚಿಕೆ ಎಂದು ನಾನು ಒಪ್ಪುವುದಿಲ್ಲ.

ಬಲಕ್ಕೆ ತಕ್ಕಂತೆ ತೂಕ ಕೊಟ್ಟು ನೋಡೋಣ. ಲ್ಯಾಪ್‌ಟಾಪಿಗೆ 3, ಡೆಸ್ಕ್‌ಟಾಪಿಗೆ 1. ನಿಯಮ ಇಷ್ಟೇ: ಕೈಯಲ್ಲಿರುವ ಕೆಲಸಗಳ ಸಂಖ್ಯೆಯನ್ನು ತೂಕದಿಂದ ಭಾಗಿಸು; ಯಾರದು ಕಡಿಮೆಯೋ ಹೊಸ ಕೆಲಸ ಅವರಿಗೆ. ಮೊದಲು ಇಬ್ಬರದೂ ಸೊನ್ನೆ, ಲ್ಯಾಪ್‌ಟಾಪು ತೆಗೆದುಕೊಳ್ಳಲಿ. ಈಗ ಅದರದು ಮೂರನೇ ಒಂದು, ಡೆಸ್ಕ್‌ಟಾಪಿನದು ಇನ್ನೂ ಸೊನ್ನೆ, ಎರಡನೆಯ ಕೆಲಸ ಡೆಸ್ಕ್‌ಟಾಪಿಗೆ. ಡೆಸ್ಕ್‌ಟಾಪಿನದು ಒಂದಾಯಿತು, ಮೂರನೆಯದೂ ನಾಲ್ಕನೆಯದೂ ಲ್ಯಾಪ್‌ಟಾಪಿಗೆ. ನಾಲ್ಕು ಜನ ನೋಡುತ್ತಿದ್ದಾರೆ, ಯಾರಿಗೂ ಚಕ್ರ ಕಾಣಿಸಿಲ್ಲ. ಪೈ ಏನು ಮಾಡಬೇಕು? ಅದನ್ನು ಈ ಕೆಲಸದಿಂದ ಬಿಡಿಸಿ, ಹಾರ್ಡ್ ಡಿಸ್ಕ್ ನೋಡಿಕೊಳ್ಳಲು ಬಿಡುವುದೇ ಒಳ್ಳೆಯದು. 2023ರಲ್ಲಿ ಬಂದ ರಾಸ್ಪ್‌ಬೆರಿ ಪೈ 5ರಲ್ಲಿ ಎಚ್.264 ಕಟ್ಟುವ ವಿಶೇಷ ಭಾಗವೇ ಇಲ್ಲ. ಆದರೆ ಇರುವ ಫೈಲನ್ನು ಇದ್ದ ಹಾಗೇ ಎತ್ತಿಕೊಡುವುದರಲ್ಲಿ ಅದು ಗಟ್ಟಿಗ.

ಎಣಿಕೆಯಲ್ಲೂ ಒಂದು ಮೋಸವಿದೆ. 4ಕೆ ವಿಡಿಯೊದ ಒಂದು ಫ್ರೇಮಿನಲ್ಲಿ 82,94,400 ಚುಕ್ಕಿಗಳು. ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು. ಒಂದು 4ಕೆ ಕೆಲಸವನ್ನು ಒಂದು ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ, ಹೆಚ್ಚುಕಡಿಮೆ ನಾಲ್ಕು ಎಂದೇ ಹಿಡಿಯಬೇಕು. ಬಿಸಿಯನ್ನೂ ಮರೆಯುವಂತಿಲ್ಲ. ಚಿಪ್ ಕಾದಷ್ಟೂ ಅಪಾಯ, ಹಾಗಾಗಿ ರಾಸ್ಪ್‌ಬೆರಿ ಪೈ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೆಳಿಗ್ಗೆ ಅಳೆದ ವೇಗ ಮಧ್ಯಾಹ್ನಕ್ಕೆ ಇರದೆ ಹೋಗಬಹುದು. ಒಂದು ಕಂಪ್ಯೂಟರಿನಲ್ಲಿ ಶುರುವಾದ ಸಿನಿಮಾವನ್ನು ನಡುವೆ ಎತ್ತಿ ಇನ್ನೊಂದಕ್ಕೆ ಹಾಕುವುದು ಸಾಮಾನ್ಯವಾಗಿ ಆಗದ ಮಾತು, ಆದ್ದರಿಂದ ಮೊದಲ ಆಯ್ಕೆಯೇ ಸರಿಯಿರಬೇಕು.

ಎಲ್ಲಕ್ಕಿಂತ ಒಳ್ಳೆಯದು ಕೆಲಸವೇ ಹುಟ್ಟದಂತೆ ನೋಡಿಕೊಳ್ಳುವುದು. ಟಿ.ವಿ.ಗೆ ಆ ಕೋಡೆಕ್ ಗೊತ್ತಿದ್ದರೆ ಸರ್ವರ್ ಫೈಲನ್ನು ಹಾಗೇ ಕಳಿಸುತ್ತದೆ, ಲೆಕ್ಕವೇ ಇಲ್ಲ. ಗೊತ್ತಿಲ್ಲದ ಟಿ.ವಿ.ಗಾಗಿ ರಾತ್ರಿ ಎಲ್ಲರೂ ಮಲಗಿದಾಗಲೇ ವಿಡಿಯೊಗಳನ್ನು ಬದಲಾಯಿಸಿ ಇಟ್ಟುಬಿಟ್ಟರೆ ಬೆಳಿಗ್ಗೆ ಯಾರೂ ಕಾಯಬೇಕಿಲ್ಲ. ರಾತ್ರಿಯ ಕೆಲಸಕ್ಕೆ ಲೆಕ್ಕ ಬೇರೆ. ಅಲ್ಲಿ ಪ್ರತಿಯೊಂದರ ವೇಗವೂ ಒಂದಕ್ಕಿಂತ ಮೇಲಿರಬೇಕೆಂಬ ಹಟವಿಲ್ಲ. ಇಡೀ ರಾಶಿ ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬುದೇ ಮುಖ್ಯ.

ಈಗ ಹುಣಸೆ ಬೀಜ ತನ್ನಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು ಎಳೆಯಿರಿ, ಒಂದೊಂದು ಸಾಲು ಒಂದೊಂದು ಕಂಪ್ಯೂಟರು. ಎರಡೂ ಒಂದೇ ಬಲದವು. ಒಂದು ಬೀಜ ಒಂದು ಗಂಟೆ. ನಿಯಮ: ಯಾವ ಕಂಪ್ಯೂಟರು ಬಿಡುವಾಯಿತೋ ಅದು ಪಟ್ಟಿಯಲ್ಲಿ ಮುಂದಿರುವ ಕೆಲಸವನ್ನು ಎತ್ತಿಕೊಳ್ಳುತ್ತದೆ. ಪಟ್ಟಿಯಲ್ಲಿ ಮೂರು ಕೆಲಸ: 1 ಗಂಟೆ, 1 ಗಂಟೆ, 2 ಗಂಟೆ. ಇಟ್ಟು ನೋಡಿ. ಮೊದಲೆರಡು ಒಂದೊಂದು ಸಾಲಿಗೆ ಹೋದವು, ಎರಡು ಗಂಟೆಯದು ಯಾವುದೋ ಒಂದರ ಹಿಂದೆ ನಿಂತಿತು. ಒಟ್ಟು 3 ಗಂಟೆ. ಪಟ್ಟಿಯನ್ನು ತಿರುಗಿಸಿ, ದೊಡ್ಡದನ್ನು ಮೊದಲು ಇಡಿ. 2 ಗಂಟೆಗೇ ಮುಗಿಯಿತು! ಕಂಪ್ಯೂಟರು ಅವೇ, ಕೆಲಸ ಅವೇ, ಬದಲಾದದ್ದು ಪಟ್ಟಿಯ ಕ್ರಮ ಒಂದೇ.

ದೊಡ್ಡದು ಮೊದಲು ಎಂಬ ನಿಯಮ ಯಾವಾಗಲೂ ಗೆಲ್ಲುತ್ತದೆಯೇ? 3, 3, 2, 2, 2 ಇಟ್ಟು ನೋಡಿ. ನಿಯಮದ ಪ್ರಕಾರ ಹೋದರೆ 7 ಗಂಟೆ. ಆದರೆ ಎರಡು ಮೂರುಗಳನ್ನು ಒಂದು ಕಡೆ, ಮೂರು ಎರಡುಗಳನ್ನು ಇನ್ನೊಂದು ಕಡೆ ಹಾಕಿದರೆ 6. ನಿಯಮ ಸ್ವಲ್ಪ ಸೋತಿತು. ಎಷ್ಟು ಸೋಲಬಹುದು ಎಂಬುದಕ್ಕೆ ಮಿತಿ ಇದೆ, ಅದನ್ನು ಸಾಧಿಸಿ ತೋರಿಸಿದವರು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಗಣಿತಜ್ಞ ರಾನ್ ಗ್ರಹಾಂ. ಸಿಕ್ಕ ಕ್ರಮದಲ್ಲಿ ಎತ್ತಿಕೊಂಡು ಹೋದರೂ ಅತ್ಯುತ್ತಮ ಹಂಚಿಕೆಯ ಎರಡು ಪಟ್ಟನ್ನು ಎಂದೂ ಮುಟ್ಟುವುದಿಲ್ಲ ಎಂದು 1966ರಲ್ಲಿ ತೋರಿಸಿದರು. ಒಂದಕ್ಕೊಂದು ಕಾಯದ ಕೆಲಸಗಳಲ್ಲಿ ದೊಡ್ಡದನ್ನು ಮೊದಲು ಎತ್ತಿಕೊಂಡರೆ ತಡವಾಗುವುದು ಅತ್ಯುತ್ತಮದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಎಂದು 1969ರಲ್ಲಿ. ಗ್ರಹಾಂ ಚೆಂಡುಗಳನ್ನು ಗಾಳಿಯಲ್ಲಿ ಎಸೆದು ಹಿಡಿಯುವ ಜಗ್ಲಿಂಗ್ ಆಟದಲ್ಲೂ ನಿಪುಣರಾಗಿದ್ದರು. 1972ರಲ್ಲಿ ಅಂತರರಾಷ್ಟ್ರೀಯ ಜಗ್ಲರ್‌ಗಳ ಸಂಘಕ್ಕೆ ಅಧ್ಯಕ್ಷರಾಗಿದ್ದರು. ಎರಡೇ ಕೈಯಲ್ಲಿ ಹಲವು ಚೆಂಡುಗಳನ್ನು ಬೀಳದಂತೆ ನೋಡಿಕೊಳ್ಳುವವರಿಗೆ ಈ ಪ್ರಶ್ನೆ ಇಷ್ಟವಾದದ್ದು ನನಗೆ ಸಹಜವೆನಿಸುತ್ತದೆ.

ಗ್ರಹಾಂ ಒಂದು ವಿಚಿತ್ರವನ್ನೂ ತೋರಿಸಿದರು. ಅವರ ಸಂಖ್ಯೆಗಳನ್ನೇ ಇಟ್ಟುಕೊಂಡು, ಕೆಲಸಗಳಿಗೆ ನಮ್ಮ ಮನೆಯ ಹೆಸರು ಕೊಡುತ್ತೇನೆ. ಒಂದನೆಯ ಕೆಲಸ, ಮದುವೆಯ ಹಳೆಯ ಟೇಪಿನಿಂದ ಬಂದ ವಿಡಿಯೊದ ಗೆರೆ, ಕಲೆ ತೆಗೆದು ಸ್ವಚ್ಛ ಮಾಡುವುದು: 3 ಗಂಟೆ. ಎರಡನೆಯದು, ಮೂರನೆಯದು ಎರಡು ಶಾಲಾ ವಾರ್ಷಿಕೋತ್ಸವಗಳು: ತಲಾ 2 ಗಂಟೆ. ನಾಲ್ಕನೆಯದು, ಪ್ರವಾಸದ ವಿಡಿಯೊವನ್ನು ಸ್ವಚ್ಛ ಮಾಡಿ ನಾಲ್ಕು ಭಾಗ ಮಾಡುವುದು: 2 ಗಂಟೆ. ಐದರಿಂದ ಎಂಟು, ಆ ನಾಲ್ಕು ಭಾಗಗಳ ಟ್ರಾನ್ಸ್‌ಕೋಡಿಂಗ್: ತಲಾ 4 ಗಂಟೆ, ನಾಲ್ಕನೆಯದು ಮುಗಿಯದೆ ಇವು ಶುರುವಾಗುವಂತಿಲ್ಲ. ಒಂಬತ್ತನೆಯದು, ಸ್ವಚ್ಛವಾದ ಮದುವೆ ವಿಡಿಯೊದ ಟ್ರಾನ್ಸ್‌ಕೋಡಿಂಗ್: 9 ಗಂಟೆ, ಒಂದನೆಯದು ಮುಗಿಯದೆ ಇದು ಶುರುವಾಗದು.

ಒಂದೇ ಬಲದ ಮೂರು ಕಂಪ್ಯೂಟರು ಎಂದುಕೊಂಡು ಮೂರು ಸಾಲು ಎಳೆಯಿರಿ. ಮೊದಲ ಮೂರು ಕೆಲಸ ಒಂದೊಂದು ಸಾಲಿಗೆ. ಎರಡು ಗಂಟೆ ಕಳೆದಾಗ ಎರಡು ಕಂಪ್ಯೂಟರು ಬಿಡುವಾದವು. ಒಂದು ನಾಲ್ಕನೆಯ ಕೆಲಸ ಹಿಡಿಯಿತು, ಇನ್ನೊಂದಕ್ಕೆ ಕೆಲಸವಿಲ್ಲ, ಸುಮ್ಮನೆ ಕೂತಿತು. ಮೂರು ಗಂಟೆಗೆ ಮದುವೆ ವಿಡಿಯೊ ಸ್ವಚ್ಛವಾಯಿತು. ಪ್ರವಾಸದ್ದು ಇನ್ನೂ ಆಗಿಲ್ಲ, ಆದ್ದರಿಂದ ಒಂಬತ್ತನೆಯದು ಕೂಡಲೇ ಶುರು. ಅದು 12ಕ್ಕೆ ಮುಗಿಯುತ್ತದೆ. ನಾಲ್ಕು ಗಂಟೆಗೆ ಪ್ರವಾಸದ ಭಾಗಗಳು ಸಿದ್ಧ. ಉಳಿದ ಎರಡು ಕಂಪ್ಯೂಟರುಗಳು ಎರಡೆರಡು ಭಾಗ ಮಾಡಿ ಅವೂ 12ಕ್ಕೇ ಮುಗಿಸುತ್ತವೆ. ಒಟ್ಟು 12 ಗಂಟೆ.

ಈಗ ಮಾವ ಒಂದು ಕಂಪ್ಯೂಟರು ತಂದುಕೊಟ್ಟರು, ನಾಲ್ಕಾದವು. ಪಟ್ಟಿ ಅದೇ. ಮೊದಲ ನಾಲ್ಕು ಕೆಲಸ ಒಟ್ಟಿಗೆ ಶುರು. ಎರಡು ಗಂಟೆಗೆ ಮೂರು ಕಂಪ್ಯೂಟರು ಬಿಡುವಾಗಿ ಐದು, ಆರು, ಏಳನೆಯ ಕೆಲಸ ಹಿಡಿದವು. ಮೂರು ಗಂಟೆಗೆ ಒಂದನೆಯದು ಬಿಡುವಾಯಿತು, ಪಟ್ಟಿಯಲ್ಲಿ ಮುಂದೆ ಇರುವುದು ಎಂಟನೆಯದು, ಅದನ್ನು ಹಿಡಿಯಿತು. ಮದುವೆ ವಿಡಿಯೊಗೆ ಯಾರೂ ಇಲ್ಲ! ಆರು ಗಂಟೆಗೆ ಯಾರೋ ಬಿಡುವಾದಾಗ ಅದು ಶುರುವಾಗುತ್ತದೆ, ಮುಗಿಯುವುದು 15ಕ್ಕೆ. ಕಂಪ್ಯೂಟರು ಒಂದು ಹೆಚ್ಚಾಯಿತು, ಕೆಲಸ ಮೂರು ಗಂಟೆ ತಡವಾಯಿತು. ನಂಬಿಕೆ ಬರದಿದ್ದರೆ ಇನ್ನೊಮ್ಮೆ ಬೀಜ ಇಡಿ.

ಮದುವೆಯ ಒಂಬತ್ತು ಗಂಟೆಯ ಕೆಲಸವನ್ನು ಪಟ್ಟಿಯ ತಲೆಗೆ ತಂದರೆ ಮತ್ತೆ 12ಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಳಗೆ? ಸ್ವಚ್ಛಕ್ಕೆ 3, ಆಮೇಲೆ 9. ಒಂದರ ನಂತರವೇ ಇನ್ನೊಂದು. ಹತ್ತು ಕಂಪ್ಯೂಟರು ತಂದರೂ ಈ ಸರಪಳಿ 12 ಗಂಟೆಯದೇ.

ಸರಪಳಿಯನ್ನು ಮುರಿಯಬೇಕಾದರೆ ಆ ಒಂಬತ್ತು ಗಂಟೆಯ ಕೆಲಸವನ್ನೇ ತುಂಡು ಮಾಡಬೇಕು. ಕೀಫ್ರೇಮ್ ನೆನಪಿದೆಯೇ? ಎಲ್ಲೆಂದರಲ್ಲಿ ಕತ್ತರಿಸಿದರೆ ತುಂಡಿನ ಮೊದಲ ಫ್ರೇಮಿನಲ್ಲಿ ಕೈ ನಾಲ್ಕು ಚುಕ್ಕಿ ಬಲಕ್ಕೆ ಎಂದಷ್ಟೇ ಇರುತ್ತದೆ. ಯಾವ ಕೈ, ಎಲ್ಲಿಂದ ಬಲಕ್ಕೆ ಎಂಬುದು ಹಿಂದಿನ ತುಂಡಿನಲ್ಲಿ ಉಳಿದುಹೋಗಿರುತ್ತದೆ. ಕೀಫ್ರೇಮ್ ಇರುವಲ್ಲಿ ಕತ್ತರಿಸಿದರೆ ಪ್ರತಿ ತುಂಡೂ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ನೆಟ್‌ಫ್ಲಿಕ್ಸ್‌ನಂಥ ಕಂಪನಿಗಳು ಒಂದು ಸಿನಿಮಾವನ್ನು ಸಣ್ಣ ಸಣ್ಣ ತುಂಡು ಮಾಡಿ ಅನೇಕ ಕಂಪ್ಯೂಟರುಗಳಲ್ಲಿ ಒಟ್ಟಿಗೆ ಕಟ್ಟಿಸಿ, ಕೊನೆಗೆ ಜೋಡಿಸುವುದು ಹೀಗೆಯೇ. ಮನೆಯಲ್ಲಿ ಇದನ್ನು ಮಾಡುವಾಗ ಒಂದು ಎಚ್ಚರ ಬೇಕು: ತುಂಡುಗಳು ನೆಟ್‌ವರ್ಕಿನಲ್ಲಿ ಓಡಾಡಬೇಕು, ವೈಫೈ ಸೋಮಾರಿಯಾಗಿದ್ದರೆ ಉಳಿಸಿದ ಸಮಯವೆಲ್ಲ ದಾರಿಯಲ್ಲೇ ಕರಗುತ್ತದೆ. ಕಂಪ್ಯೂಟರುಗಳ ನಡುವೆ ಕೇಬಲ್ ಎಳೆದುಬಿಡುವುದು ಒಳ್ಳೆಯದು.

ಮದುವೆ ವಿಡಿಯೊವನ್ನು ಮೂರು ಗಂಟೆಯ ಮೂರು ತುಂಡು ಮಾಡೋಣ. ಕಂಪ್ಯೂಟರು ನಾಲ್ಕು. ಈಗ ಪಟ್ಟಿಯ ಕ್ರಮ ಹೇಗಿರಬೇಕು, ಎಷ್ಟು ಗಂಟೆಯಲ್ಲಿ ಮುಗಿಯುತ್ತದೆ? ಬೀಜ ಇಟ್ಟು ನೀವೇ ಕಂಡುಹಿಡಿಯಿರಿ. ಎಲ್ಲ ಕೆಲಸ ಕೂಡಿಸಿದರೆ 34 ಗಂಟೆ. ನಾಲ್ಕರಿಂದ ಭಾಗಿಸಿದರೆ ಎಂಟೂವರೆ. ಬೀಜವನ್ನು ಅರ್ಧ ಮಾಡುವಂತಿಲ್ಲ, ಹಾಗಾಗಿ ಒಂಬತ್ತಕ್ಕಿಂತ ಬೇಗ ಮುಗಿಯುವುದು ಸಾಧ್ಯವಿಲ್ಲ. ಒಂಬತ್ತಕ್ಕೇ ಮುಗಿಸುವ ಹಂಚಿಕೆ ಒಂದು ಇದೆ. ನಿಮ್ಮ ಬೀಜಗಳು ಹತ್ತು ತೋರಿಸುತ್ತಿದ್ದರೆ, ಮದುವೆಯ ಮೂರು ಗಂಟೆಯ ತುಂಡೊಂದು ಪ್ರವಾಸದ ನಾಲ್ಕು ಗಂಟೆಯ ಭಾಗಕ್ಕಿಂತ ಮುಂಚೆ ನುಸುಳಿದೆಯೇ ನೋಡಿ.